ದೇವರನ್ನು ಬಿಟ್ಟ ಮೇಲೆ ಯಾರಿಗೆ ಕೈ ಮುಗಿಯುವುದು?

ನಮ್ಮದು ಬಸವನ ಬಾಗೇವಾಡಿ ಕಡೆಯ ಲಿಂಗಾಯತ ಮನೆ. ಕೂಸಿದ್ದಾಗಲೇ ಕೊರಳಿಗೆ ಲಿಂಗ ಕಟ್ಟಿದ್ದರು. ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮಾಡುವ ತನಕ ಬಾಯಿಗೆ ಚಹಾ ಕೂಡ ಇಲ್ಲ. ಅದರಲ್ಲಿ ಬೇಸರ ಇರಲಿಲ್ಲ. ಸುಮ್ನೆ ಕೂತ ಆ ಹೊತ್ತು ಈಗಲೂ ಇಷ್ಟ.

ನಂಬಿಕೆ ಕರಗಿದ್ದು ನಿಧಾನಕ್ಕೆ. ಮಳೆ ಬಾರದ ವರ್ಷ ಊರವರೆಲ್ಲ ಮಳೆ ಬೇಡುವ ಮಣ್ಣಿನ ಗುರ್ಜಿ ಹೊತ್ತು ಮನೆಮನೆ ತಿರುಗುತ್ತಿದ್ದರು. ಮೋಡ ಮಾತ್ರ ಹಾಗೇ ದಾಟಿ ಹೋಗುತ್ತಿತ್ತು. ಹೊಲಕ್ಕೆ ಹಸಿರು ತಂದದ್ದು ಆಲಮಟ್ಟಿ ಅಣೆಕಟ್ಟಿನ ಕಾಲುವೆ. ಆ ನೀರು ನಿಲ್ಲಲಿ ಅಂತ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ಹಾಗಾದರೆ ನಾನು ಕೈ ಮುಗಿಯಬೇಕಾದದ್ದು ಮನೆ ಮಠ ಬಿಟ್ಟು ಎದ್ದು ಹೋದ ಆ ಜನಕ್ಕಲ್ವಾ? ಈ ಪ್ರಶ್ನೆಯೇ ನನ್ನನ್ನು ನಾಸ್ತಿಕನನ್ನಾಗಿ ಮಾಡಿತು. ಬದುಕಿಗೆ ಅರ್ಥ ಕೊಟ್ಟದ್ದೂ ಅದೇ.

ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ಅವ್ವನ ಕೈಗೆ ಕೊಟ್ಟಾಗ ಆಕೆ ಕೇಳಿದ್ದು ಒಂದೇ ಮಾತು: “ಇನ್ನ ಯಾರಿಗೆ ಅಂಜತಿ ನೀ?” ಇದಕ್ಕೆ ವಾದ ಮಾಡಿ ಉತ್ತರ ಕೊಡಲಾಗುವುದಿಲ್ಲ. ಬಾಳಿ ತೋರಿಸಬೇಕು. ಪೂಜೆಯ ಹೊತ್ತನ್ನು ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡಲು ಇಟ್ಟುಕೊಂಡೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಈಗಲೂ ಹೋಗುತ್ತೇನೆ. ಜನ ಬೇಕು, ಗದ್ದಲ ಬೇಕು, ಅದನ್ನೇಕೆ ಬಿಡಲಿ?

ಸಾವಿನ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಸತ್ತ ಮೇಲೆ ಏನೂ ಇಲ್ಲ ಅನ್ನುವವನು ಹೆತ್ತವರ ಸಾವಿನಲ್ಲಿ ಏನು ಮಾಡಬೇಕು? ಅಪ್ಪನ ಹತ್ತಿರ ಮೊದಲೇ ನೇತ್ರದಾನದ ಮಾತು ತೆಗೆದಿದ್ದೆ. “ಮಣ್ಣಾಗ ಹೋಗೂ ಕಣ್ಣು, ಯಾರಿಗಾರ ಬರಲಿ ಬಿಡು” ಅಂದಿದ್ದರು. ಉಸಿರು ನಿಂತ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ಬೇಗ ಆದಷ್ಟೂ ಒಳ್ಳೆಯದು. ಆಸ್ಪತ್ರೆಗೆ ಫೋನ್ ಮಾಡಿ ಫ್ಯಾನ್ ಆರಿಸಿದೆ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟೆ. ತಲೆ ಕೆಳಗೆ ದಿಂಬು ಕೊಟ್ಟೆ. ಆಸ್ಪತ್ರೆಯವರೇ ಮನೆಗೆ ಬಂದರು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮುಖ ಒಂದಿಷ್ಟೂ ಕೆಡಲಿಲ್ಲ. ಅಪ್ಪನಿಗೆ ಶುಗರ್ ಇತ್ತು, ಚಷ್ಮಾ ಇತ್ತು. ಅವು ಅಡ್ಡಿಯಾಗುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಆಮೇಲೆ ಅಪ್ಪನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರೆ ಹಾಕಿ ಮಣ್ಣು ಕೊಟ್ಟೆವು. ಅಯ್ಯನವರು ಹೇಳಿದ್ದನ್ನೆಲ್ಲ ಮಾಡಿದೆ. ಅದು ಅಪ್ಪನ ನಂಬಿಕೆ, ಅಲ್ಲಿ ನನ್ನ ವಾದಕ್ಕೇನು ಕೆಲಸ?

2023ರ ಜನವರಿಯಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡಾಗ ಆ ಜನಸಾಗರದಲ್ಲಿ ನಾನೂ ಇದ್ದೆ. ದೇಹವನ್ನು ಸುಡಿ, ಸ್ಮಾರಕ ಕಟ್ಟಬೇಡಿ ಅಂತ ಅವರು ಮೊದಲೇ ಬರೆದಿಟ್ಟಿದ್ದರು. ದೇವರಿಲ್ಲದ ನನಗೂ ಅದು ದೊಡ್ಡ ಮಾತು ಅನಿಸಿತು.

ನನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದೇನೆ. ಬರೆದುಕೊಟ್ಟರಷ್ಟೇ ಸಾಲದು, ಕೊನೆಗೆ ಒಪ್ಪಿ ಕೊಡಬೇಕಾದವರು ಮನೆಯವರು. ಅದಕ್ಕೇ ಊಟಕ್ಕೆ ಕೂತಾಗ ಈ ಮಾತು ಆಗಾಗ ತೆಗೆಯುತ್ತೇನೆ. ಹೆಂಡತಿ, ಮಕ್ಕಳು ಒಪ್ಪಿದ್ದಾರೆ. ಅವ್ವ ತನ್ನದನ್ನು ಬೇರೆಯೇ ಹೇಳಿದ್ದಾಳೆ: “ನನ್ನ ಕಣ್ಣು ಕೊಡು. ಮೈ ಮಾತ್ರ ಲಿಂಗದ ಜೋಡಿ ಮಣ್ಣಿಗಿ ಹೋಗಬೇಕು.” ಹಾಗೇ ಆಗಲಿ ಅಂತ ಮಾತು ಕೊಟ್ಟಿದ್ದೇನೆ.