ಝೀರೋ ಬಲ್ಬಿನಿಂದಲೇ ಶುರುವಾಗಲಿ: ಮನೆಯ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವ ಬಗೆ

ನಮ್ಮ ದೇವರ ಮನೆಯಲ್ಲಿ ಒಂದು ಕೆಂಪು ಝೀರೋ ಬಲ್ಬು ಹಗಲು ರಾತ್ರಿ ಉರಿಯುತ್ತಿತ್ತು. ಹೆಸರೇ ಝೀರೋ, ಅದಕ್ಕೆಷ್ಟು ಕರೆಂಟು ಬೇಕಾದೀತು ಎಂದು ಎಲ್ಲರೂ ನಂಬಿದ್ದೆವು. ಒಂದು ದಿನ ಫ್ರಿಜ್ ಸಮೇತ ಎಲ್ಲವನ್ನೂ ಆರಿಸಿ, ಅದೊಂದನ್ನೇ ಉರಿಸಿ, ಗಡಿಯಾರ ಹಿಡಿದು ಮೀಟರ್ ಎದುರು ನಿಂತೆ. ನಮ್ಮ ಮೀಟರ್‌ನ ಪುಟ್ಟ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಅಂದು ಅದು ಸುಮಾರು 75 ಸೆಕೆಂಡಿಗೊಮ್ಮೆ ಮಿನುಗಿತು. ಲೆಕ್ಕ ಹಾಕಿದರೆ 15 ವಾಟ್, ತಿಂಗಳಿಗೆ 10.8 ಯೂನಿಟ್. ನಡುಮನೆಯಲ್ಲಿ ದಿನಕ್ಕೆ ಐದು ಗಂಟೆ ಉರಿಯುವ 60 ವಾಟಿನ ಬುರುಡೆ ಬಲ್ಬಿಗೆ ತಿಂಗಳಿಗೆ ಬೇಕಾಗುವುದು 9 ಯೂನಿಟ್. ಅರ್ಧ ವಾಟಿನ ಕೆಂಪು ಎಲ್‌ಇಡಿ ಹಾಕಿದ ಮೇಲೆ ದೇವರ ಮನೆಯ ಖರ್ಚು ತಿಂಗಳಿಗೆ ಅರ್ಧ ಯೂನಿಟ್ ಕೂಡ ಇಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ನೋಟ್‌ಬುಕ್ ಹಿಡಿದು ಮನೆಯನ್ನು ಸುತ್ತಿ ಬನ್ನಿ. ಪ್ರತಿ ದೀಪದ ವಾಟ್ ಮತ್ತು ಅದು ದಿನಕ್ಕೆ ಉರಿಯುವ ಗಂಟೆ, ಎರಡನ್ನೂ ಬರೆದು ಗುಣಿಸಿ. ದೊಡ್ಡ ಮೊತ್ತ ಬಂದ ದೀಪಗಳನ್ನು ಮೊದಲು ಬದಲಾಯಿಸಿ. ಗೇಟಿನ ದೀಪ, ಅಡುಗೆಮನೆ, ಮಕ್ಕಳು ಓದುವ ಕೋಣೆ ಸಾಮಾನ್ಯವಾಗಿ ಮೇಲೆ ಬರುತ್ತವೆ. ಅಟ್ಟದ ದೀಪವನ್ನು ಸುಟ್ಟುಹೋದಾಗ ಬದಲಾಯಿಸಿದರೆ ಸಾಕು.

ಗೃಹಜ್ಯೋತಿ ಇರುವಾಗ ಈ ಲೆಕ್ಕವೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಎಲ್ಲ ಮನೆಗೂ 200 ಯೂನಿಟ್ ಉಚಿತವಿಲ್ಲ. ಬಹುತೇಕ ಮನೆಗಳಿಗೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟೇ ಮಿತಿ. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಗಡಿಯಲ್ಲಿರುವ ಮನೆಗೆ ಎಂಟು ಹತ್ತು ಯೂನಿಟ್ ಉಳಿಯುವುದು ಸಣ್ಣ ಮಾತಲ್ಲ.

ಕೊಳ್ಳುವಾಗ ವಾಟ್ ಜತೆಗೆ ಲ್ಯೂಮೆನ್ ನೋಡಿ. ಬೆಳಕಿನ ಅಳತೆ ಅದು. ಹಳೆಯ 60 ವಾಟ್ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. 9 ವಾಟಿನ ಒಳ್ಳೆಯ ಎಲ್‌ಇಡಿ 800ಕ್ಕೂ ಹೆಚ್ಚು ಕೊಡುತ್ತದೆ. ಐದು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 9 ಯೂನಿಟ್ ಇದ್ದದ್ದು 1.35ಕ್ಕೆ ಇಳಿಯುತ್ತದೆ. ಪೊಟ್ಟಣದ ಮೇಲೆ ಗುಣಮಟ್ಟದ ಬಿಐಎಸ್ ಗುರುತು ಮತ್ತು ವಿದ್ಯುತ್ ಉಳಿತಾಯವನ್ನು ತೋರಿಸುವ ಬಿಇಇ ನಕ್ಷತ್ರಗಳ ಚೀಟಿ ಇರಲೇಬೇಕು. ಬೀದಿಬದಿಯ ಅಗ್ಗದ ಬಲ್ಬಿಗೆ ಮರುಳಾಗಬೇಡಿ. ಆರು ತಿಂಗಳಿಗೇ ಕೆಟ್ಟರೆ ಉಳಿದ ಹಣ ಹೊಸ ಬಲ್ಬಿಗೇ ಹೋಗುತ್ತದೆ. ಬಣ್ಣದ ಆಯ್ಕೆಯೂ ಮುಖ್ಯ: 6500 ಕೆಲ್ವಿನ್ ಎಂದಿದ್ದರೆ ಅಚ್ಚ ಬಿಳಿ, ಓದಲು ಮತ್ತು ಅಡುಗೆಗೆ ಒಳ್ಳೆಯದು. ಮಲಗುವ ಕೋಣೆಗೆ 2700 ಅಥವಾ 3000ದ ಹಳದಿ ಬೆಳಕೇ ಹಿತ. ಹಿರಿಯರು ಎಲ್‌ಇಡಿ ಕಣ್ಣಿಗೆ ಚುಚ್ಚುತ್ತದೆ ಎಂದು ದೂರಿದರೆ ಈ ಸಂಖ್ಯೆಯನ್ನೊಮ್ಮೆ ನೋಡಿ.

ಹಳೆಯ ಟ್ಯೂಬ್‌ಲೈಟನ್ನು ಮರೆಯಬೇಡಿ. ಟ್ಯೂಬಿನ ಮೇಲೆ 40 ವಾಟ್ ಎಂದಿದ್ದರೂ ಭಾರದ ಚೋಕ್ ತನ್ನ ಪಾಲನ್ನು ಸೇರಿಸಿ ಒಟ್ಟು 50 ದಾಟಿಸುತ್ತದೆ. 20 ವಾಟಿನ ಎಲ್‌ಇಡಿ ಪಟ್ಟಿ ಆ ಕೆಲಸ ಮಾಡುತ್ತದೆ. ಚೋಕ್, ಸ್ಟಾರ್ಟರ್ ಎರಡೂ ಬೇಡ. ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ, ಸಂಜೆ ಟ್ಯೂಬ್ ಹತ್ತದೆ ಪಕಪಕ ಎನ್ನುವ ಕಾಟವೂ ತಪ್ಪುತ್ತದೆ.

ಬದಲಾಯಿಸುವಾಗ ಮೇನ್ ಸ್ವಿಚ್ ಆರಿಸಿ, ಹಳೆಯ ಬಲ್ಬು ತಣ್ಣಗಾಗಲು ಬಿಡಿ, ಗಟ್ಟಿ ಸ್ಟೂಲಿನ ಮೇಲೆ ನಿಲ್ಲಿ. ಎಲ್‌ಇಡಿಗೆ ಶಾಖವೇ ಶತ್ರು. ಗಾಳಿಯಾಡದ ಗಾಜಿನ ಗುಂಡುಗಳೊಳಗೆ ಅದರ ಆಯುಷ್ಯ ಕಡಿಮೆ. ಕೋಳಿಮರಿಗಳಿಗೆ ಬೆಚ್ಚಗಿರಲೆಂದು ಬುರುಡೆ ಬಲ್ಬು ಇಟ್ಟವರು ಮಾತ್ರ ಅದನ್ನು ತೆಗೆಯಬಾರದು, ಎಲ್‌ಇಡಿಯಿಂದ ಆ ಕಾವು ಸಿಗದು.

ಸಿಎಫ್‌ಎಲ್ ತೆಗೆಯುವಾಗ ಇನ್ನೂ ಎಚ್ಚರ ಬೇಕು. ಅದರೊಳಗೆ ಪಾದರಸವಿದೆ. ಕೈಜಾರಿ ಒಡೆದರೆ ಮಕ್ಕಳನ್ನು ಆಚೆ ಕಳುಹಿಸಿ, ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆ ಬೇಡ, ದಪ್ಪ ಕಾಗದದಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಒಡೆಯದ ಸಿಎಫ್‌ಎಲ್‌ಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಹೊಸ ಬಲ್ಬನ್ನು ಹೋಲ್ಡರ್‌ಗೆ ಸಿಕ್ಕಿಸುವ ಮುನ್ನ ಅದರ ಕುತ್ತಿಗೆಯ ಮೇಲೆ ಮಾರ್ಕರ್‌ನಿಂದ ದಿನಾಂಕ ಬರೆಯಿರಿ. ಬಿಲ್ಲಿನ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ವಾರಂಟಿ ಕೇಳಲು ಬೇಕಾಗುತ್ತದೆ. ಅಂದು ರಾತ್ರಿ ಎಲ್ಲ ಸ್ವಿಚ್ ಆರಿಸಿ ಕತ್ತಲಲ್ಲಿ ಒಮ್ಮೆ ನೋಡಿ. ಆರಿಸಿದ ಬಲ್ಬು ಮಂಕಾಗಿ ಮಿಣುಕುತ್ತಿದ್ದರೆ ಕಾರಣ ಎರಡಿರಬಹುದು: ಸ್ವಿಚ್ಚಿನಲ್ಲೇ ಸೂಚಕ ದೀಪವಿರುತ್ತದೆ, ಇಲ್ಲವೇ ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರುತ್ತಾರೆ. ಎರಡನೆಯದಾದರೆ ಸ್ವಿಚ್ ಆರಿಸಿದ್ದರೂ ಹೋಲ್ಡರ್‌ನಲ್ಲಿ ಕರೆಂಟು ಇರುತ್ತದೆ. ಅದನ್ನು ಮುಟ್ಟದೆ, ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಿಕೊಳ್ಳಿ.