ಚಾಲೂ ಆಗದಿದ್ದರೆ ಮೊದಲು ಬಟನ್ ನೋಡಿ

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನ ರಿಪೇರಿ ಅಂಗಡಿ ಇದೆ. ತಿಕೋಟಾ, ಬಬಲೇಶ್ವರ ಕಡೆಯಿಂದಲೂ ಜನ ಟಿವಿ, ಕಂಪ್ಯೂಟರ್ ತರುತ್ತಾರೆ. "ಅಣ್ಣಾರ, ಚಾಲೂನ ಆಗವಲ್ದು ನೋಡ್ರಿ, ಬೋರ್ಡ್ ಹೋಗೇತೇನೋ" ಅಂತ ಗಾಬರಿಯಲ್ಲಿರುತ್ತಾರೆ. ನಾನು ಬೋರ್ಡ್ ಮುಟ್ಟುವ ಮೊದಲು ಪವರ್ ಬಟನ್ ನೋಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಎರೆಮಣ್ಣಿನ ಧೂಳು ಸಂದಿಸಂದಿಗೂ ಹೋಗಿ ಕೂರುತ್ತದೆ, ಬಟನ್ ಬೇಗ ಕೆಡುತ್ತದೆ.

ಬಟನ್‌ಗಳಲ್ಲಿ ಎರಡು ಜಾತಿ. ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ ಇದ್ದರೆ ಅದು ಕರೆಂಟನ್ನೇ ಕಡಿಯುವ ಸ್ವಿಚ್. ಗೀಟು ಅಂದರೆ ಆನ್, ಸೊನ್ನೆ ಅಂದರೆ ಆಫ್. ಮನೆಯ 230 ವೋಲ್ಟ್ ಅದರ ಮೂಲಕವೇ ಹೋಗುತ್ತದೆ. ಮೇಲೆ ಬಾಯಿ ಬಿಟ್ಟ ವೃತ್ತ, ಆ ಸಂದಿನಲ್ಲಿ ಗೀಟು ಇದ್ದರೆ ಅದು ಸ್ಟ್ಯಾಂಡ್‌ಬೈ ಗುರುತು. ಆ ಬಟನ್ ಒಳಗಿನ ಬೋರ್ಡ್‌ಗೆ ಬರೀ ಸುದ್ದಿ ಮುಟ್ಟಿಸುತ್ತದೆ. ಒತ್ತಿ ಆಫ್ ಮಾಡಿದರೂ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಅದಕ್ಕೇ ಪ್ಲಗ್ ಕಿತ್ತಿಟ್ಟೇ ನಾನು ಸ್ಕ್ರೂ ಬಿಚ್ಚುವುದು. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ (ಚಾರ್ಜ್ ಹಿಡಿದಿಡುವ ಭಾಗ) ಪ್ಲಗ್ ಕಿತ್ತ ಮೇಲೂ ಜೋರು ಚಾರ್ಜ್ ಉಳಿದಿರಬಹುದು. ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡದೆ ಅಲ್ಲಿ ಕೈ ಹಾಕಬೇಡಿ.

ಕಂಪ್ಯೂಟರ್‌ನಲ್ಲಿ ಒಂದು ಲಕ್ಷಣ ನನಗೆ ಬಹಳ ಸಲ ಕೆಲಸಕ್ಕೆ ಬಂದಿದೆ. ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ನಾಲ್ಕೈದು ಸೆಕೆಂಡಿಗೆ ಆಫ್. ಇದನ್ನು ನೋಡಿದವರು ಪವರ್ ಸಪ್ಲೈ ಹೋಯಿತು ಅಂತ ಹೊಸದು ತಂದುಬಿಡುತ್ತಾರೆ. ಆದರೆ ಬಟನ್ ಒಳಗೇ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಬಟನ್ ಸುಮಾರು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡ್, ತಾನೇ ಬಲವಂತವಾಗಿ ಆಫ್ ಮಾಡುತ್ತದೆ, ಅಲ್ವಾ? ಸಿಕ್ಕಿಕೊಂಡ ಬಟನ್ ಅದಕ್ಕೆ ಒತ್ತಿ ಹಿಡಿದಂತೆಯೇ. ಮದರ್‌ಬೋರ್ಡ್‌ನಿಂದ ಬಟನ್ ವೈರ್ ತೆಗೆದು, ಪ್ಲಗ್ ಮತ್ತೆ ಹಾಕಿ, ಆ ವೈರ್ ಕೂತಿದ್ದ ಎರಡು ಪಿನ್‌ಗೆ ಮಾತ್ರ ಸ್ಕ್ರೂಡ್ರೈವರ್ ತುದಿಯನ್ನು ಕ್ಷಣ ಮುಟ್ಟಿಸಿ. ಅಲ್ಲಿರುವುದು ಕಡಿಮೆ ವೋಲ್ಟ್. ಆನ್ ಆಗಿ ಹಾಗೇ ನಿಂತರೆ ತಪ್ಪು ಬಟನ್‌ನದೇ. ಹೊಸ ಬಟನ್ ಸಿಗುವ ತನಕ ರೀಸೆಟ್ ಬಟನ್‌ನ ವೈರನ್ನು ಅದೇ ಪಿನ್‌ಗೆ ಹಾಕಿಕೊಡುತ್ತೇನೆ. ಪೈಸೆ ಖರ್ಚಿಲ್ಲ.

ಟಿವಿ ಬಂದರೆ ಮೊದಲು ರಿಮೋಟ್ ಕೇಳುತ್ತೇನೆ. ರಿಮೋಟ್‌ನಿಂದ ಆನ್ ಆಗಿ ಬಟನ್‌ನಿಂದ ಆಗದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಳಗೆ ನಾಲ್ಕು ಕಾಲಿನ ಚಿಕ್ಕ ಸ್ವಿಚ್ ಇರುತ್ತದೆ. ಕಾಲುಗಳು ಎರಡೆರಡು ಒಳಗೇ ಜೋಡಿಯಾಗಿರುವುದರಿಂದ ಮೀಟರನ್ನು ಬೀಪ್‌ಗೆ ಇಟ್ಟು ಎದುರುಬದುರು ಮೂಲೆಯ ಕಾಲುಗಳಿಗೆ ಹಿಡಿಯುತ್ತೇನೆ. ಒತ್ತಿದಾಗ ಮಾತ್ರ ಕೂಗಬೇಕು. ಟಿವಿ ತಾನೇ ಆನ್, ಆಫ್ ಆಗುತ್ತಿದ್ದರೆ ವಾಲ್ಯೂಮ್ ಸ್ವಿಚ್‌ಗಳನ್ನೂ ನೋಡುತ್ತೇನೆ. ಬಹಳ ಟಿವಿಗಳಲ್ಲಿ ಎಲ್ಲ ಬಟನ್‌ಗೂ ಒಂದೇ ವೈರ್, ನಡುವೆ ಕರೆಂಟ್ ತಡೆಯುವ ಬೇರೆಬೇರೆ ರೆಸಿಸ್ಟರ್. ಒಂದು ಸ್ವಿಚ್ ಲೀಕ್ ಆದರೆ, ಅಂದರೆ ಒತ್ತದಿದ್ದರೂ ಸ್ವಲ್ಪ ಕರೆಂಟ್ ಬಿಟ್ಟರೆ, ಬೋರ್ಡ್ ಅದನ್ನು ಬೇರೆ ಬಟನ್ ಅಂತ ತಿಳಿದುಕೊಳ್ಳುತ್ತದೆ.

ಕ್ಲೀನರ್ ಸ್ಪ್ರೇ ಹೊಡೆದು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಒಳಗಿನ ತಗಡು ಸವೆದಿದ್ದರೆ ಅದು ಮತ್ತೆ ವಾಪಸ್ ಬರುತ್ತದೆ. ಸ್ವಿಚ್‌ಗೆ ಕೆಲವೇ ರೂಪಾಯಿ, ಬದಲಿಸಿಯೇ ಬಿಡುತ್ತೇನೆ. ಕೊಬ್ಬರಿ ಎಣ್ಣೆಯನ್ನಂತೂ ಬಿಡಲೇಬೇಡಿ, ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಹೊಸ ಸ್ವಿಚ್ ತರುವಾಗ ಹಳೆಯದನ್ನು ಜೊತೆಗೆ ಒಯ್ದು, ಒತ್ತುವ ಕಡ್ಡಿಯ ಎತ್ತರ ಹೊಂದಿಸಿ ನೋಡಿ. ಸ್ವಲ್ಪ ಎತ್ತರವಾದರೂ ಡಬ್ಬಿ ಮುಚ್ಚಿ ಸ್ಕ್ರೂ ಬಿಗಿದಾಗ ಬಟನ್ ತಾನೇ ಒತ್ತಿಕೊಂಡು ಕೂರುತ್ತದೆ. ಅದಕ್ಕೇ ಕೊನೆಯ ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಆನ್, ಆಫ್ ಮಾಡಿ ನೋಡಿಯೇ ಗಿರಾಕಿಯ ಕೈಗೆ ಕೊಡುತ್ತೇನೆ.