ಹೊಳ್ಳಿ ಹೊಡೆಯುವ ಗ್ವಾಡಿ: ‘ರಿವರ್ಬರೇಟ್’ ಕಲಿಸಿದ ನನ್ನ ಅನುಭವ

ವಿಜಯಪುರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ‘ರಿವರ್ಬರೇಟ್’ ಎಂಬ ಕ್ರಿಯಾಪದವನ್ನು ನಾನು ಬಹಳ ವರ್ಷ ತಪ್ಪಾಗಿ ಕಲಿಸಿದ್ದೇನೆ. ಅರ್ಥದಲ್ಲಿ ತಪ್ಪಿರಲಿಲ್ಲ, ಪ್ರತಿಧ್ವನಿಸು, ಮಾರ್ದನಿಸು ಎಂದೇ ಬರೆಸುತ್ತಿದ್ದೆ. ಎಡವಿದ್ದು ಮೂಲದಲ್ಲಿ. ‘ರಿ’ ಅಂದರೆ ಮತ್ತೆ, ‘ವರ್ಬ್’ ಅಂದರೆ ಮಾತು, ಆಡಿದ ಮಾತು ಮತ್ತೆ ಕೇಳಿಸುವುದೇ ರಿವರ್ಬರೇಟ್ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಲೆಕ್ಕ ಸರಿಹೊಂದಿದಂತೆ ಕಾಣುತ್ತಿತ್ತು, ಮಕ್ಕಳು ಬರೆದುಕೊಳ್ಳುತ್ತಿದ್ದರು.

ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು: “ಅಕ್ಕೋರ, ಎಕೋ ಅಂದ್ರೂ ಅದ, ಇದೂ ಅದ ಅಂದ್ರ, ಎರಡು ಶಬ್ದ ಯಾಕ ಬೇಕ್ರಿ?”

ನಾಳೆ ಹೇಳ್ತೀನಿ ಅಂದೆ. ಅಂದು ರಾತ್ರಿ ಇಂಗ್ಲಿಷ್ ನಿಷ್ಪತ್ತಿ ಕೋಶ ತೆಗೆದು ಕೂತಾಗ ನನ್ನ ಲೆಕ್ಕ ಕುಸಿಯಿತು. ಮಾತು ಎಂಬ ಅರ್ಥದ ಲ್ಯಾಟಿನ್ ಪದ ‘ವರ್ಬುಮ್’. ವ್ಯಾಕರಣದ ವರ್ಬ್ ಬಂದದ್ದು ಅದರಿಂದ. ರಿವರ್ಬರೇಟ್ ಬಂದದ್ದು ‘ವರ್ಬೆರ್’ ಎಂಬ ಬೇರೆಯೇ ಪದದಿಂದ. ವರ್ಬೆರ್ ಅಂದರೆ ಚಾಟಿ. ‘ವರ್ಬೆರಾರೆ’ ಅಂದರೆ ಚಾಟಿಯಿಂದ ಬಾರಿಸುವುದು, ‘ರೆವರ್ಬೆರಾರೆ’ ಅಂದರೆ ಹೊಡೆದು ಹಿಂದಕ್ಕೆ ಅಟ್ಟುವುದು. 16ನೇ ಶತಮಾನದ ಇಂಗ್ಲಿಷಿಗೆ ಈ ಕ್ರಿಯಾಪದ ಬಂದಾಗಲೂ ಅದರೊಳಗೆ ಹೊಡೆತವೇ ಇತ್ತು. ದನಿಗಷ್ಟೇ ಅಲ್ಲ, ಕಾವಿಗೂ ಬೆಳಕಿಗೂ ಅದನ್ನು ಬಳಸುತ್ತಿದ್ದರು. ಲೋಹ ಕರಗಿಸುವ ‘ರಿವರ್ಬರೇಟರಿ ಫರ್ನೇಸ್’ ಎಂಬ ಕುಲುಮೆಯಲ್ಲಿ ಆ ಹಳೆಯ ಅರ್ಥ ಈಗಲೂ ಉಳಿದಿದೆ. ಅಲ್ಲಿ ಬೆಂಕಿ ಒಂದು ಬದಿಗೆ, ಲೋಹ ಇನ್ನೊಂದು ಬದಿಗೆ. ಮೇಲಿನ ಚಾವಣಿ ಕಾವನ್ನು ತಡೆದು ಕೆಳಗಿನ ಲೋಹದ ಮೇಲೆ ತಿರುಗಿಸುತ್ತದೆ.

ಮರುದಿನ ಮಕ್ಕಳ ಮುಂದೆ, ನಾನು ಹೇಳಿದ್ದು ತಪ್ಪು, ಹಳೆಯದನ್ನು ಹೊಡೆದುಹಾಕಿ ಅಂದೆ. ವರ್ಬೆರ್ ವಿವರಿಸಲು ಕಷ್ಟವಾಗಲಿಲ್ಲ. ‘ಬಾರಕೋಲು’ ಎಂದು ಬರೆದೆ. ಎತ್ತು ಹೂಡುವ ಮನೆಯ ಮಕ್ಕಳಿಗೆ ಅದರ ‘ಛಟ್’ ಸಪ್ಪಳವೂ ಗೊತ್ತು.

ತೊಡಕಾದದ್ದು ‘ರಿ’. ಇಲ್ಲಿ ಅದಕ್ಕೆ ‘ಮತ್ತೆ’ ಎಂಬುದಕ್ಕಿಂತ ‘ಹಿಂದಕ್ಕೆ’ ಎಂಬ ಅರ್ಥವೇ ಮುಖ್ಯ. ಒಂದೇ ತುಣುಕಿಗೆ ಎರಡೆರಡು ಅರ್ಥ ಹೇಗೆ ಎಂದು ಮಕ್ಕಳು ಗೊಂದಲಕ್ಕೆ ಬಿದ್ದರು. ಆಗ ನಮ್ಮ ಕಡೆಯ ‘ಹೊಳ್ಳಿ’ ನೆನಪಾಯಿತು. ‘ಹೊಳ್ಳಿ ಹೇಳು’ ಅಂದರೆ ಇನ್ನೊಮ್ಮೆ ಹೇಳು. ‘ಹೊಳ್ಳಿ ಬಾ’ ಅಂದರೆ ಹಿಂದಕ್ಕೆ ಬಾ. ಲ್ಯಾಟಿನ್ನಿನ ‘ರಿ’ ಮಾಡುವ ಎರಡೂ ಕೆಲಸವನ್ನು ನಮ್ಮ ಹೊಳ್ಳಿ ದಿನಾಲೂ ಮಾಡುತ್ತದೆ. ಹಾಗಾದರೆ ರಿವರ್ಬರೇಟ್ ಅಂದರೆ ಹೊಳ್ಳಿ ಹೊಡೆಯುವುದು.

“ಯಾರು ಹೊಡಿತಾರ್ರಿ ಅಕ್ಕೋರ?” ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

“ಗ್ವಾಡಿ” ಅಂದೆ.

ಆ ಗ್ವಾಡಿಯನ್ನು ತೋರಿಸಲಿಕ್ಕೆ ನಮ್ಮೂರಲ್ಲಿ ಗೋಳಗುಮ್ಮಟವಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಂದು ಶನಿವಾರ, ಪ್ರವಾಸಿಗರ ಗದ್ದಲ ಏಳುವ ಮೊದಲೇ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಹೋದೆವು. ಎಲ್ಲರಿಗೂ ಬಾಯಿ ಮುಚ್ಚಲು ಹೇಳಿ, ಆ ಹುಡುಗಿಗೆ ಒಂದೇ ಒಂದು ಚಪ್ಪಾಳೆ ತಟ್ಟು ಅಂದೆ. ಚಪ್ಪಾಳೆ ಹೊಳ್ಳಿ ಬಂತು, ಮತ್ತೆ ಬಂತು, ಸಣ್ಣಗಾಗುತ್ತ ಬರುತ್ತಲೇ ಇತ್ತು. ಮಕ್ಕಳು ಬೆರಳು ಮಡಿಚಿ ಎಣಿಸಿದರು. ಏಳು ಸಲ ಎಂಬುದು ಊರ ಮಾತು. ಏಳರ ಆಚೆಗೂ ಕೇಳಿತೆಂದು ಇಬ್ಬರು ಹಟ ಹಿಡಿದರು.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಆಚೆ ಬದಿಗೆ ಹೋಗಿ ಬರಲು 76 ಮೀಟರ್, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು. ಸೆಕೆಂಡಿನ ಹತ್ತನೆಯ ಒಂದು ಪಾಲು ಅಂತರವಿದ್ದರೆ ಕಿವಿ ಎರಡು ಸಪ್ಪಳಗಳನ್ನು ಬೇರೆ ಬೇರೆ ಮಾಡಿ ಕೇಳುತ್ತದೆ. ಅದಕ್ಕೇ ಚಪ್ಪಾಳೆ ಬಿಡಿಬಿಡಿಯಾಗಿ ಕೇಳಿತು. ಅದು ಎಕೋ.

ಆಮೇಲೆ ಎಲ್ಲರೂ ನಿಮ್ಮ ನಿಮ್ಮ ಹೆಸರು ಕೂಗಿ ಅಂದೆ. ಒಂದು ಹೆಸರೂ ತಿಳಿಯಲಿಲ್ಲ. ಒಂದು ದನಿ ಆರುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಸುತ್ತಲಿನ ಗ್ವಾಡಿ ಎಲ್ಲವನ್ನೂ ಹೊಡೆದು ಹೊಡೆದು ಒಂದೇ ‘ಗುಂಯ್’ ಮಾಡಿಬಿಟ್ಟಿತು. ಬಾಯಿ ಮುಚ್ಚಿದ ಮೇಲೂ ಅದು ಎದೆಗೂಡಿನಲ್ಲಿ ನಡುಗುತ್ತಿತ್ತು. ಪ್ರಶ್ನೆ ಕೇಳಿದ ಹುಡುಗಿಯ ಕಡೆ ನೋಡಿದೆ. “ತಿಳೀತ್ರಿ” ಅಂದಳು.

ವಿಜ್ಞಾನದವರು ಇದನ್ನು ಅನುರಣನ ಎನ್ನುತ್ತಾರೆ. ಇದನ್ನು ಮೊದಲು ಕ್ರಮವಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಭಾಷಣವೇ ತಿಳಿಯದಂತಾಗಿತ್ತು. ಅವರು ಪಕ್ಕದ ರಂಗಮಂದಿರದ ಕುರ್ಚಿ ಗಾದಿಗಳನ್ನು ತಂದು ಹಾಸಿ, ದನಿ ಆರಲು ಎಷ್ಟು ಸೆಕೆಂಡು ಬೇಕೆಂದು ಲೆಕ್ಕ ಇಟ್ಟರು. ಗಾದಿ ಹೆಚ್ಚಿದಷ್ಟೂ ಗುಂಯ್ ತಗ್ಗಿತು. ಗಾದಿ ದನಿಯನ್ನು ನುಂಗುತ್ತದೆ, ಹೊಳ್ಳಿ ಹೊಡೆಯುವುದಿಲ್ಲ.

ನಮ್ಮ ‘ಮಾರ್ದನಿ’ಯಲ್ಲೂ ಇಂಥದೇ ಒಂದು ಎದುರುತನವಿದೆ. ಮಾರ್ ಅಂದರೆ ಎದುರು. ಹಳಗನ್ನಡದಲ್ಲಿ ಮಾರ್ಮಲೆ ಅಂದರೆ ಎದುರಿಸಿ ನಿಲ್ಲು. ಪ್ರತಿಧ್ವನಿಗಿಂತ ಮಾರ್ದನಿಯೇ ರಿವರ್ಬರೇಟ್‌ಗೆ ಹತ್ತಿರ ಎಂದು ಈಗ ಹೇಳಿಕೊಡುತ್ತೇನೆ. ಬಳಕೆಯೂ ಹೊಂದುತ್ತದೆ: ‘ದನಿ ಗುಮ್ಮಟದಲ್ಲಿ ಮಾರ್ದನಿಸಿತು’ ಎನ್ನಬಹುದು, ‘ದನಿಗೆ ಗುಮ್ಮಟವೇ ಮಾರ್ದನಿಸಿತು’ ಎಂದೂ ಎನ್ನಬಹುದು. ಇಂಗ್ಲಿಷಿನಲ್ಲೂ ಎರಡೂ ಸರಿ.

ಒಂದು ಘಟನೆಯ ಪರಿಣಾಮ ಬಹುಕಾಲ ಉಳಿದಾಗಲೂ ಈ ಪದ ಬಳಸುತ್ತಾರೆಂದು ಹೇಳಿ, ಒಂದೊಂದು ವಾಕ್ಯ ಬರೆದು ತರಲು ಹೇಳಿದ್ದೆ. ತಿಕೋಟಾ ಕಡೆಯಿಂದ ಬರುವ ಹುಡುಗನೊಬ್ಬ, ಅವರದು ದ್ರಾಕ್ಷಿ ತೋಟ, ಇಂಗ್ಲಿಷ್ ವಾಕ್ಯ ಬರೆದು ಅದರ ಕೆಳಗೆ ಕನ್ನಡದಲ್ಲೂ ಬರೆದಿದ್ದ: ‘ಮಣೂಕದ (ಒಣದ್ರಾಕ್ಷಿಯ) ರೇಟ್ ಬಿದ್ದಿದ್ದು ನಮ್ಮ ಮನ್ಯಾಗ ಇನ್ನೂ ಹೊಳ್ಳಿ ಹೊಳ್ಳಿ ಹೊಡ್ಯಾಕತ್ತೈತಿ.’ ವಾಕ್ಯಕ್ಕೆ ರೈಟ್ ಹಾಕಿ, ತಂದೆಯವರು ಹೇಗಿದ್ದಾರೆಂದು ಅವನನ್ನು ಹೊರಗೆ ಕರೆದು ವಿಚಾರಿಸಿದೆ.